ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 9.2, ಮಗುಗೆ 5 ತಿಂಗಳು. ಬಸಿರಾಗದಂತೆ ಗರ್ಭಕೋಶದೊಳಗೆ ಇಡೋ ವಂಕಿ (ಕಾಪರ್-ಟಿ) ಹಾಕಿಸ್ಕೋಬಹುದಾ?

ಎಳನೀರು_ತಿಪಟೂರು
ಎಲ್ರಿಗೂ ನಮಸ್ಕಾರ. ಎರಡನೇ ಮಗುಗೆ ಈಗ 5 ತಿಂಗಳು, ನಾರ್ಮಲ್ ಡೆಲಿವರಿ, ಹಾಲು ಕುಡಿಸ್ತಿದೀನಿ. ಲಸಿಕೆ ಹಾಕಿಸೋಕೆ ಹೋದಾಗೆಲ್ಲ ನಮ್ಮ ಪಿಎಚ್‌ಸಿ ಸಿಸ್ಟರ್ "ವಂಕಿ ಹಾಕಿಸ್ಕೊಂಡ್ಬಿಡಮ್ಮ, 10 ವರ್ಷ ಯೋಚ್ನೆ ಇಲ್ಲ, ದುಡ್ಡೂ ಇಲ್ಲ" ಅಂತಾರೆ. ನಂಗೆ 26, ಇಷ್ಟು ಬೇಗ ಆಪರೇಷನ್ ಬೇಡ ಅನ್ಸುತ್ತೆ. ಆದ್ರೆ ವಂಕಿ ಅಂದ ತಕ್ಷಣ ನಮ್ಮತ್ತೆ ಮನೆ ಹಾರಿಹೋಗೋ ಹಾಗೆ ಕೂಗಾಡಿದ್ರು. ಅದು ಮೇಲಕ್ಕೆ ಹತ್ತಿ ಎದೆಗೆ ಹೋಗುತ್ತಂತೆ, ಗರ್ಭಕೋಶ ಕೊಳೆಯುತ್ತಂತೆ, ಪಕ್ಕದೂರಲ್ಲಿ ಯಾರಿಗೋ ಅದರಿಂದ್ಲೇ ಗರ್ಭಕೋಶ ತೆಗೆದ್ರಂತೆ.

ನನ್ನ ಚಿಂತೆ ಅದಲ್ಲ. ಮದುವೆಗೆ ಮುಂಚಿಂದ್ಲೂ ನಂಗೆ ಮುಟ್ಟಲ್ಲಿ ಜಾಸ್ತಿ ಹೋಗುತ್ತೆ. ಹೋದ ವಾರ ರಕ್ತ ಪರೀಕ್ಷೆ ಮಾಡಿಸಿದ್ರೆ ಎಚ್‌ಬಿ 9.2. ಇಂಥವ್ರು ಹಾಕಿಸ್ಕೊಂಡ್ರೆ ಏನಾಗುತ್ತೆ? ಹಾಕಿಸ್ಕೊಂಡೋರು ಇದ್ರೆ ನಿಜ ಹೇಳಿ, ಹೆದರಿಸ್ಬೇಡಿ.

ಬನಶಂಕರಿ_ಬಿಂದು
ಧೈರ್ಯವಾಗಿ ಹಾಕಿಸ್ಕೊಳಿ. ನಂಗೆ ವರ್ಷಗಟ್ಲೆಯಿಂದ ಇದೆ, ಇದೆ ಅನ್ನೋದೇ ಮರ್ತೋಗಿದೆ.

ಗಿರ್ಮಿಟ್_ಹುಬ್ಬಳ್ಳಿ
ಬಿಂದು ಅಕ್ಕಾರ, ನಿಮಗ ಹೊಂದೇತಿ ಅಂದ್ರ ಎಲ್ಲಾರಿಗೂ ಹೊಂದತೈತಿ ಅಂತಲ್ರೀ. ನನಗ ಮೊದಲನೇ ಕೂಸಿನ ಮ್ಯಾಲೆ ಕಾಪರ್-ಟಿ ಹಾಕಿದ್ರು. ಮೊದಲ ತಿಂಗಳ ರಗತಾ ನೋಡಿ ನಮ್ಮವ್ವ ಗಾಬರಿ ಆಗಿದ್ಲು. ನಾಕ ದಿನಾ ಬರೂದು ಹತ್ತ ದಿನಾ ಬರಾಕತ್ತು. ಡಾಕ್ಟರ ಬಾಯಾರು "ತಡ್ಕೊ, ಮೂರ್ನಾಕ ತಿಂಗಳಿಗೆ ಹೊಂದ್ಕೋತೈತಿ" ಅಂದ್ರು. ತಡ್ಕೊಂಡೆ. ಹೊಂದಲಿಲ್ಲ. ಮೆಟ್ಟಲಾ ಹತ್ತಿದ್ರ ಏದುಸಿರು. ಕಡೀಕ ತಗಸಿ ಒಗದೆ, ಮುಂದಿನ ತಿಂಗಳಿಂದ ಎಲ್ಲಾ ಮೊದಲಿನಂಗ ಆತು. ತಗಿಯೂದ ಒಂದ್ ನಿಮಿಷದ ಕೆಲಸ, ಅಷ್ಟರ ಸಲುವಾಗಿ ವರ್ಷಾನಗಟ್ಟಲೆ ಸುಮ್ಮನ ಅನುಭವಿಸಿದೆ.

ನೀವು 9.2 ಇಟ್ಕೊಂಡು ಹಾಕಿಸ್ಕೊಬ್ಯಾಡ್ರಿ ತಂಗಿ. ನನ್ನ ಮಾತ ಇಷ್ಟ.

ನಿವೃತ್ತ_ಎಎನ್‌ಎಂ
ಎಳನೀರು ಮಗಳೇ, ಮೊದ್ಲು ಎರಡು ಪ್ರಶ್ನೆ. ಡೆಲಿವರಿ ಆದ್ಮೇಲೆ ಮುಟ್ಟು ಶುರುವಾಗಿದ್ಯಾ? ಮಗು ಬರೀ ಎದೆಹಾಲಲ್ಲೇ ಇದ್ಯಾ, ಬೇರೆ ಏನಾದ್ರೂ ಕೊಡ್ತಿದೀರಾ?

ಎಳನೀರು_ತಿಪಟೂರು
ಮುಟ್ಟು ಇನ್ನೂ ಆಗಿಲ್ಲ ಮೇಡಂ. ಹಾಲು ಜೊತೆಗೆ ಅತ್ತೆ ಬೆಳಗ್ಗೆ ಸಂಜೆ ರಾಗಿ ಸರಿ ತಿನ್ನಿಸ್ತಾರೆ. ಮೂರು ತಿಂಗಳಿಂದ್ಲೇ ಶುರು ಮಾಡಿದ್ರು, ನಾನು ಹೇಳಿದ್ರೆ "ನಿನ್ನ ಗಂಡ ಇದನ್ನೇ ತಿಂದು ಬೆಳೆದಿದ್ದು" ಅಂತಾರೆ.

ನಿವೃತ್ತ_ಎಎನ್‌ಎಂ
ಅಲ್ಲೇ ಇರೋದು ವಿಷಯ. ಮುಟ್ಟು ಬಂದಿಲ್ಲ, ಮಗುಗೆ 6 ತಿಂಗಳು ತುಂಬಿಲ್ಲ, ಹಗಲೂ ರಾತ್ರಿ ಬರೀ ಎದೆಹಾಲು – ಈ ಮೂರೂ ಇದ್ರೆ ಹಾಲೇ ಒಂದು ರಕ್ಷಣೆ. ರಾಗಿ ಸರಿ ಒಳಗೆ ಬಂದ ದಿನವೇ ಆ ಲೆಕ್ಕ ಹೋಯ್ತು. "ಮುಟ್ಟೇ ಆಗಿಲ್ವಲ್ಲ, ಹೆಂಗ್ ಬಸಿರಾಗ್ತೀನಿ" ಅಂತ ಕೂತು ಬಸಿರಾಗಿ ಬಂದೋರ್ನ ನನ್ನ ನರ್ಸ್ ಸರ್ವೀಸಲ್ಲಿ ಎಷ್ಟು ನೋಡಿದೀನೋ. ಮುಟ್ಟು ಬರೋಕೆ ಮುಂಚೆ ಅಂಡ ಬಿಡುಗಡೆ ಆಗುತ್ತೆ ಕಣಮ್ಮ. ಅದಕ್ಕೆ ಏನೇ ಹಾಕಿಸೋಕೆ ಮುಂಚೆ ಒಂದು ಯೂರಿನ್ ಟೆಸ್ಟ್ ಮಾಡಿಸು.

ಇನ್ನು ನಿಮ್ಮತ್ತೆ ಮಾತು. ವಂಕಿ ಎದೆಗೆ ಹೋಗಲ್ಲ. ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಆದ್ರೆ ಆ ಮಾತು ಸುಮ್ನೆ ಹುಟ್ಟಿದ್ದೂ ಅಲ್ಲ. ಅಪರೂಪಕ್ಕೆ ಗರ್ಭಕೋಶದ ಗೋಡೆ ತೂತಾಗಿ ಹೊಟ್ಟೆ ಒಳಗೆ ಸೇರ್ಕೊಳೋದು ಉಂಟು. ಒಬ್ಬರಿಗೆ ಹಂಗಾದ್ರೆ ಸುತ್ತಮುತ್ತಲ ಹಳ್ಳಿಗೆಲ್ಲ ಸುದ್ದಿ. ಸುಖವಾಗಿರೋ ನೂರು ಜನ ಸಂತೇಲಿ ನಿಂತು ಹೇಳ್ಕೊಳಲ್ವಲ್ಲ.

ನನ್ನ ಅನುಭವದಲ್ಲಿ ತೊಂದ್ರೆ ಆಗಿದ್ದೆಲ್ಲ ಹಾಕಿದ ಮೇಲೆ ಯಾರೂ ತಿರುಗಿ ನೋಡದೆ ಇದ್ದಾಗ. ಹಾಕೋವಾಗ ಎಲ್ರೂ ಇರ್ತಾರೆ, ಆಶಾ ಕಾರ್ಯಕರ್ತೆ ಕೈ ಹಿಡ್ಕೊಂಡು ಕರ್ಕೊಂಡ್ ಬರ್ತಾಳೆ. ಮೊದಲ ಮುಟ್ಟು ಆದ್ಮೇಲೆ ಬಂದು ವಂಕಿಯ ದಾರ ಇದ್ಯಾ ಅಂತ ತೋರಿಸ್ಕೊಂಡು ಹೋಗು ಅಂದ್ರೆ ಅವರೂ ಬರಲ್ಲ, ನಮ್ಮೋರೂ ಮನೆಗೆ ಹೋಗಿ ಕೇಳಲ್ಲ.

ಸಾಫ್ಟ್‌ವೇರ್_ಸೊಸೆ
ರಾಗಿ ಸರಿ ಮೂರು ತಿಂಗಳಿಗಾ?!! ನಮ್ಮ ಡಾಕ್ಟ್ರು 6 ತಿಂಗಳವರೆಗೆ ನೀರೂ ಬೇಡ ಅಂದಿದ್ರು.

ಮಂಡ್ಯ_ಮಾತು
ನಾವೆಲ್ಲ ಮೂರು ತಿಂಗಳಿಗೇ ಸರಿ ತಿಂದು ಬೆಳೆದೋರು, ಚೆನ್ನಾಗೇ ಇದೀವಿ.

ಸಾಫ್ಟ್‌ವೇರ್_ಸೊಸೆ
ಚೆನ್ನಾಗಿಲ್ದೇ ಇರೋರು ಇಲ್ಲಿ ಬಂದು ಬರೆಯಲ್ವಲ್ಲ ಸಾರ್.

ಕುಡ್ಲದ_ಪೊಣ್ಣು
ನಂದು ಬೇರೆಯೇ ಕಥೆ ಮಾರಾಯ್ರೆ. ಮೊದಲ ಹೆರಿಗೆ ಆಗಿ ಒಂದಷ್ಟು ಸಮಯ ಕಳೆದ ಮೇಲೆ ಹೊಟ್ಟೆನೋವು ಅಂತ ಸ್ಕ್ಯಾನಿಂಗಿಗೆ ಹೋದೆ. ಅಲ್ಲಿದ್ದವರು "ಕಾಪರ್-ಟಿ ಉಂಟಲ್ಲ ನಿಮಗೆ" ಅಂತ ಕೇಳಿದರು. ನಾನು ಎಂತ ಹೇಳುದು? ನನಗೇ ಗೊತ್ತಿಲ್ಲ! ಹೆರಿಗೆ ಆದ ಕೂಡಲೇ ಹಾಕಿದ್ದಂತೆ. ಎಲ್ಲಿಯೋ ಸಹಿ ಹಾಕಿಸಿಕೊಂಡಿರ್ಬೇಕು. ಆ ನೋವಿನಲ್ಲಿ ಯಾರು ಓದ್ತಾರೆ? ಆಸ್ಪತ್ರೆ ಹೆಸರು ಹೇಳುದಿಲ್ಲ. ಇವರು ಇನ್ನೊಂದು ಮಗು ಬೇಕು ಅಂತ ಕಾಯ್ತಾ ಇದ್ದರು, ನಾನು ದೇವಸ್ಥಾನ ಸುತ್ತುತ್ತಾ ಇದ್ದೆ. ಒಳಗೆ ಇದು ಕೂತಿತ್ತು.

ನನಗೆ ಕಾಪರ್-ಟಿಯಿಂದ ಒಂದು ಹನಿ ತೊಂದರೆ ಆಗ್ಲಿಲ್ಲ, ಸುಳ್ಳು ಹೇಳುದಿಲ್ಲ. ಆದರೆ ಆ ಸಿಟ್ಟು ಈಗಲೂ ಉಂಟು.

ಗಿರ್ಮಿಟ್_ಹುಬ್ಬಳ್ಳಿ
ಅಯ್ಯ ಶಿವನ! ಇದು ರಿಸ್ಕ್ ಅಲ್ಲಾ ಅಂದ್ರ ಮತ್ಯಾವದರೀ ರಿಸ್ಕ್?

ಲೇಬರ್‌ವಾರ್ಡ್_ಕಿರಿವೈದ್ಯೆ
ಸ್ತ್ರೀರೋಗ ವಿಭಾಗದಲ್ಲಿ ಪಿಜಿ ಮಾಡ್ತಿದೀನಿ, ಮೈಸೂರು ಕಡೆ. ನೈಟ್ ಡ್ಯೂಟಿ ಮಧ್ಯೆ ಬರೀತಿದೀನಿ, ತಪ್ಪಕ್ಷರ ಇದ್ರೆ ಕ್ಷಮಿಸಿ.

ಕುಡ್ಲದವರೇ, ನಿಮಗೆ ಹಾಕಿದ್ದು ಹೆರಿಗೆಯಾದ 48 ಗಂಟೆ ಒಳಗೆ ಹಾಕೋ ಪಿಪಿಐಯುಸಿಡಿ. ವಿಧಾನದಲ್ಲಿ ತಪ್ಪಿಲ್ಲ, ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಆದ್ರೆ ಅದರ ಬಗ್ಗೆ ಹೆರಿಗೆ ನೋವು ಬರೋ ಮುಂಚೆಯೇ, ತಿಂಗಳ ತಪಾಸಣೆಗೆ ಬಂದಾಗ ಮಾತಾಡಿ ಒಪ್ಪಿಗೆ ತಗೋಬೇಕು. ಹಾಕಿದ ಮೇಲೆ ದಿನಾಂಕ, ತೆಗೆಸಬೇಕಾದ ವರ್ಷ ಎರಡೂ ಬರೆದ ಕಾರ್ಡು ಕೈಗೆ ಕೊಡಬೇಕು. ಹೇಳದೆ ಹಾಕಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಈಗ ಎಳನೀರು ಅವರ ಪ್ರಶ್ನೆ. ಕಾಪರ್-ಟಿ 380ಎ ಅಂದ್ರೆ ಪ್ಲಾಸ್ಟಿಕ್ಕಿನ ಟಿ, ಅದರ ಮೇಲೆ 380 ಚದರ ಮಿಲಿಮೀಟರ್ ತಾಮ್ರ. ತಾಮ್ರದ ಕಣಗಳು ವೀರ್ಯಾಣುವನ್ನ ಕೆಲಸಕ್ಕೆ ಬಾರದ ಹಾಗೆ ಮಾಡ್ತವೆ. ಅದೇ ತಾಮ್ರ ಗರ್ಭಕೋಶದ ಒಳಪದರಕ್ಕೆ ಸ್ವಲ್ಪ ಉರಿಯೂತ ತರುತ್ತೆ, ಅದಕ್ಕೇ ರಕ್ತ ಮತ್ತು ಸೆಳೆತ ಜಾಸ್ತಿ. ಸಾಮಾನ್ಯವಾಗಿ ಮುಟ್ಟಿನ ರಕ್ತ ಶೇ. 30ರಿಂದ 50ರಷ್ಟು ಏರಬಹುದು, ಮೊದಲ 3ರಿಂದ 6 ತಿಂಗಳು ಅದರಲ್ಲೂ. ಎಚ್‌ಬಿ 12 ಇರೋರು ಇದನ್ನ ತಡ್ಕೊಳ್ತಾರೆ. 9.2 ಇರೋರ ಲೆಕ್ಕ ಬೇರೆ. ರಕ್ತಹೀನತೆ ಇದ್ರೆ ಹಾಕಲೇಬಾರದು ಅಂತ ನಿಯಮ ಇಲ್ಲ. ಆದ್ರೆ ಮೊದಲೇ ಜಾಸ್ತಿ ಹೋಗೋರಿಗೆ ಅದು ನನ್ನ ಮೊದಲ ಆಯ್ಕೆ ಅಲ್ಲ.

ಎರಡನೇದು ಯಾರೂ ಹೇಳ್ದೇ ಇರೋದು. ಗರ್ಭಕೋಶ ತೂತಾಗೋ ಸಾಧ್ಯತೆ ಸಾಮಾನ್ಯವಾಗಿ 1000ಕ್ಕೆ 1 ಆಸುಪಾಸು. ಯುರೋಪಿನಲ್ಲಿ 60 ಸಾವಿರಕ್ಕೂ ಹೆಚ್ಚು ಹೆಂಗಸರನ್ನ ಗಮನಿಸಿದ ಅಧ್ಯಯನದಲ್ಲಿ, ಹಾಲುಣಿಸ್ತಿರೋರಿಗೆ ಅದು ಸುಮಾರು 6 ಪಟ್ಟು ಹೆಚ್ಚು ಅಂತ ಕಂಡಿತು. ಹೆರಿಗೆಯಾಗಿ 36 ವಾರದೊಳಗೆ ಹಾಕಿದ್ರೂ ಸಾಧ್ಯತೆ ಹೆಚ್ಚು. 6 ಪಟ್ಟು ಅಂದಾಗ ಎದೆ ಧಸಕ್ ಅನ್ನುತ್ತೆ, ಆದ್ರೆ ಒಟ್ಟು ಲೆಕ್ಕದಲ್ಲಿ ಅದು 1000ಕ್ಕೆ 5-6, ಅಂದ್ರೆ ಶೇ. 1ಕ್ಕಿಂತಲೂ ಕಡಿಮೆ. ಅದಕ್ಕೇ ಬಾಣಂತಿಯರಿಗೆ ಬೇಡ ಅಂತ ಯಾರೂ ಹೇಳಲ್ಲ, ಅನುಭವ ಇರೋ ಕೈಯಲ್ಲಿ ಹಾಕಿಸಿ ಅಂತೀವಿ.

ಮಂಡ್ಯ_ಮಾತು
ನೈಟ್ ಡ್ಯೂಟೀಲಿ ಇಷ್ಟುದ್ದ ಬರೆಯೋಕೆ ಟೈಮ್ ಸಿಗುತ್ತಾ ಡಾಕ್ಟ್ರೇ 😄

ಲೇಬರ್‌ವಾರ್ಡ್_ಕಿರಿವೈದ್ಯೆ
ಇವತ್ತು ಅಮಾವಾಸ್ಯೆ, ಯಾರೂ ಸಿಸೇರಿಯನ್‌ಗೆ ಒಪ್ಪಿಲ್ಲ.

ನಿಸರ್ಗ_ಜೀವನ
ತಾಯಂದಿರೇ, ಲೋಹದ ತುಂಡನ್ನು ದೇಹದೊಳಗೆ ಇಟ್ಟುಕೊಂಡು ಆರೋಗ್ಯವಾಗಿರಲು ಸಾಧ್ಯವೇ? ತಾಮ್ರ ವಿಷ. ಇದರಿಂದ ಗರ್ಭಕೋಶದ ಕ್ಯಾನ್ಸರ್, ಬಂಜೆತನ ಎಲ್ಲವೂ ಬರುತ್ತದೆ. ಅಲೋಪತಿ ಕಂಪನಿಗಳು ಹೇಳುವುದಿಲ್ಲ. ನಮ್ಮಲ್ಲಿ 11 ಮೂಲಿಕೆಗಳ ಕಷಾಯ ಇದೆ, ಮುಟ್ಟಾದ ಮೂರು ದಿನ ಕುಡಿದರೆ ಸಾಕು. ಬೇಕಾದವರು ಸಂದೇಶ ಕಳಿಸಿ.

ಸಾಫ್ಟ್‌ವೇರ್_ಸೊಸೆ
ತಾಮ್ರ ವಿಷ ಅಂತೀರಲ್ಲ, ಹೋದ ತಿಂಗಳು ಇದೇ ಗುಂಪಲ್ಲಿ ತಾಮ್ರದ ಚೊಂಬಿನ ನೀರು ಕುಡೀರಿ ಅಂತ ಬರೆದಿದ್ದು ನೀವೇ ಅಲ್ವಾ?

ಗಿರ್ಮಿಟ್_ಹುಬ್ಬಳ್ಳಿ
😂😂 ಹೊಡದ್ಲು ನೋಡ್ರಿ

ನಿರ್ವಾಹಕರು
ನಿಸರ್ಗ_ಜೀವನ, ಇಲ್ಲಿ ವ್ಯಾಪಾರ ಬೇಡ. ಇನ್ನೊಮ್ಮೆ ಹಾಕಿದರೆ ಖಾತೆ ಬಂದ್. ಅಭಿಪ್ರಾಯ ಹೇಳಬಹುದು.

ಲೇಬರ್‌ವಾರ್ಡ್_ಕಿರಿವೈದ್ಯೆ
ಬಂಜೆತನದ ಮಾತು ತುಂಬಾ ಜನ ನಂಬ್ತಾರೆ, ಅದಕ್ಕೆ ಹೇಳಿಬಿಡ್ತೀನಿ. ಸೋಂಕಿನ ಭಯ ಪೂರ್ತಿ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸುಮಾರು 23 ಸಾವಿರ ಅಳವಡಿಕೆಗಳ ಲೆಕ್ಕ ತೆಗೆದು 1992ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಪ್ರಕಟಿಸ್ತು. ಸೋಂಕು ಹೆಚ್ಚಾಗಿ ಕಂಡಿದ್ದು ಹಾಕಿದ ಮೊದಲ 20 ದಿನದಲ್ಲಿ. ಆಮೇಲೆ ಕಡಿಮೆಯಾಗಿ ಹಾಗೇ ಉಳಿಯಿತು. ಅಂದ್ರೆ ತಪ್ಪು ವಂಕಿ ಒಳಗಿರೋದ್ರದ್ದಲ್ಲ. ಹಾಕೋವಾಗ ಮೊದಲೇ ಇದ್ದ ಸೋಂಕು ಮೇಲೆ ಹೋಗೋದು, ಇಲ್ಲ ಕೈ-ಉಪಕರಣ ಸ್ವಚ್ಛ ಇಲ್ದೇ ಇರೋದು. ಅದಕ್ಕೇ ವಾಸನೆ ಇರೋ ಬಿಳಿಸೆರಗು, ಕಿಬ್ಬೊಟ್ಟೆ ನೋವು ಇದ್ರೆ ಮೊದಲು ಗುಣ ಮಾಡ್ಕೊಂಡು ಬನ್ನಿ ಅಂತ ವಾಪಸ್ ಕಳಿಸ್ತೀವಿ. ಹಾಗೆ ವಾಪಸ್ ಕಳಿಸೋ ಡಾಕ್ಟ್ರು ಒಳ್ಳೆಯವರು ಅಂತ ತಿಳ್ಕೊಳಿ.

ಗರ್ಭಕೊರಳಿನ ಕ್ಯಾನ್ಸರ್ ವಂಕಿ ಹಾಕಿಸ್ಕೊಂಡೋರಲ್ಲಿ ಕಡಿಮೆ ಕಂಡಿದೆ, ಜಾಸ್ತಿ ಅಲ್ಲ.

ಎಡಿಸನ್_ಕನ್ನಡತಿ
ನ್ಯೂಜೆರ್ಸಿಯಿಂದ. ಎಲ್ರೂ ಕಾಪರ್-ಟಿ ಬಗ್ಗೆನೇ ಮಾತಾಡ್ತಿದೀರಿ, ಹಾರ್ಮೋನ್ ಇರೋ ವಂಕಿ ಮಿರೆನಾ ಯಾಕೆ ಯಾರೂ ಎತ್ತಿಲ್ಲ? ನಂಗೂ ಇದೇ ರಕ್ತಸ್ರಾವದ ಗೋಳು ಇತ್ತು. ಮಿರೆನಾ ಹಾಕಿಸಿದ್ಮೇಲೆ ಮೊದಲ ಕೆಲವು ತಿಂಗಳು ಸ್ವಲ್ಪ ಸ್ವಲ್ಪ ಕಲೆ ಆಗ್ತಾನೇ ಇತ್ತು, ತಲೆ ಕೆಟ್ಟುಹೋಗಿತ್ತು. ಆಮೇಲೆ ಮುಟ್ಟೇ ನಿಂತಂಗಾಯ್ತು. ಅಮ್ಮಂಗೆ ಫೋನಲ್ಲಿ ಹೇಳಿದ್ರೆ "ಕೆಟ್ಟ ರಕ್ತ ಒಳಗೇ ಉಳ್ಕೊಳುತ್ತೆ" ಅಂತ ಅಳೋಕೆ ಶುರು ಮಾಡಿದ್ರು. ಪದರವೇ ತೆಳ್ಳಗಾಗುತ್ತೆ, ಉಳಿಯೋಕೆ ರಕ್ತ ಎಲ್ಲಿದೆ ಅಂತ ಅವರಿಗೆ ಅರ್ಥ ಮಾಡ್ಸೋಷ್ಟರಲ್ಲಿ ನಂಗೆ ಸಾಕಾಯ್ತು.

ಆದ್ರೆ ಹಾಕೋವಾಗಿನ ನೋವು... ಹೆರಿಗೆ ಆಗದೇ ಇರೋರಿಗೆ ಇನ್ನೂ ಕಷ್ಟ ಅಂತಾರೆ. ಇಲ್ಲಿ "ಚಿಟಿಕೆ ಹೊಡೆದಷ್ಟು" ಅಂತ ಹೇಳ್ತಾ ಬಂದಿದ್ರು. ಹೆಂಗಸರೆಲ್ಲ ಜಾಲತಾಣದಲ್ಲಿ ಗಲಾಟೆ ಮಾಡಿದ್ಮೇಲೆ 2024ರಲ್ಲಿ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಮಾರ್ಗಸೂಚಿ ಬದಲಾಯ್ತು. ನೋವಿನ ಬಗ್ಗೆ ಮೊದಲೇ ಮಾತಾಡಿ, ಲಿಡೋಕೇನ್‌ನಂಥ ಮರಗಟ್ಟಿಸೋ ಔಷಧಿ ಬಗ್ಗೆ ತಿಳಿಸಿ ಅಂತ ಹೇಳ್ತು.

ಅರ್ಧಸತ್ಯ_ಹುಡುಕು
ಎಡಿಸನ್ ಮೇಡಂ, ಮಿರೆನಾದಿಂದ ಸ್ತನ ಕ್ಯಾನ್ಸರ್ ಬರುತ್ತೆ ಅಂತ ಡೆನ್ಮಾರ್ಕಿನಲ್ಲಿ ಸಾಬೀತಾಗಿದೆ. ಅದನ್ನ ಯಾಕೆ ಬರೀಲಿಲ್ಲ?

ಎಡಿಸನ್_ಕನ್ನಡತಿ
ಓದಿದೀನಿ ಸ್ವಾಮಿ. 2024ರ ಅಕ್ಟೋಬರಿನಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದಿದ್ದು. ಹಾರ್ಮೋನ್ ವಂಕಿ ಹಾಕಿಸ್ಕೊಂಡ ಸುಮಾರು 78 ಸಾವಿರ ಹೆಂಗಸರನ್ನ ಯಾವ ಹಾರ್ಮೋನೂ ಬಳಸದವರ ಜೊತೆ ಹೋಲಿಸಿದ್ರು. 5 ವರ್ಷದವರೆಗೆ ಬಳಸಿದವರಲ್ಲಿ 10,000ಕ್ಕೆ 14 ಕೇಸು ಹೆಚ್ಚು. "ಸಾಬೀತು" ಅಲ್ಲ, ಸಂಬಂಧ ಕಂಡಿದೆ. ನಮ್ಮ ಮನೇಲಿ ದೊಡ್ಡಮ್ಮಂಗೆ ಸ್ತನ ಕ್ಯಾನ್ಸರ್ ಆಗಿತ್ತು, ಅದನ್ನ ನನ್ನ ಡಾಕ್ಟರ್ ಜೊತೆ ಕೂತು ಮಾತಾಡಿಯೇ ಮುಂದುವರಿಸ್ತಿದೀನಿ. 14 ಅನ್ನೋ ಸಂಖ್ಯೆ ಹೇಳಿದ್ರೆ ಜನ ಯೋಚ್ನೆ ಮಾಡ್ತಾರೆ. "ಬರುತ್ತೆ" ಅಂದ್ರೆ ಓಡಿಹೋಗ್ತಾರೆ.

ಲೇಬರ್‌ವಾರ್ಡ್_ಕಿರಿವೈದ್ಯೆ
ಸರಿಯಾಗಿ ಹೇಳಿದ್ರಿ. ಸ್ವಂತಕ್ಕೆ ಸ್ತನ ಕ್ಯಾನ್ಸರ್ ಆಗಿದ್ದೋರಿಗೆ ಮಿರೆನಾ ಹಾಕಲ್ಲ. ಅಂಥವ್ರಿಗೆ ಕಾಪರ್-ಟಿ ಆಗುತ್ತೆ. ಅದೇ ರೀತಿ ವಿಲ್ಸನ್ ಕಾಯಿಲೆ, ಅಂದ್ರೆ ದೇಹದಲ್ಲಿ ತಾಮ್ರ ಶೇಖರಣೆ ಆಗೋ ಅಪರೂಪದ ಕಾಯಿಲೆ ಇದ್ರೆ ಕಾಪರ್-ಟಿ ಬೇಡ. ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ರೆ ಎರಡೂ ಬೇಡ, ಮೊದಲು ಕಾರಣ ಹುಡುಕಬೇಕು.

ಎಳನೀರು_ತಿಪಟೂರು
ಮಿರೆನಾ ನಮ್ಮ ಪಿಎಚ್‌ಸಿಲಿ ಸಿಗುತ್ತಾ?

ನಿವೃತ್ತ_ಎಎನ್‌ಎಂ
ಪಿಎಚ್‌ಸಿಲಿ ಸಿಗೋದು ತಾಮ್ರದ್ದೇ. ಎರಡು ಥರ, 380ಎ 10 ವರ್ಷಕ್ಕೆ, 375 ಅನ್ನೋದು 5 ವರ್ಷಕ್ಕೆ. ಹಾರ್ಮೋನಿಂದು ಖಾಸಗಿಯಲ್ಲಿ, ಸಾವಿರಗಟ್ಟಲೆ ದುಡ್ಡು.

ನಿಂಗೆ ಛಾಯಾ ಮಾತ್ರೆ ಬಗ್ಗೆ ಯಾರೂ ಹೇಳಿಲ್ವಾ? ಹಾರ್ಮೋನ್ ಇಲ್ಲ, ಹಾಲುಣಿಸೋರು ತಗೋಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೆ ಒಂದೇ. ಲಕ್ನೋದ ನಮ್ಮ ಸರ್ಕಾರಿ ಪ್ರಯೋಗಾಲಯದಲ್ಲೇ ಕಂಡುಹಿಡಿದಿದ್ದು, ಮೊದಲು ಸಹೇಲಿ ಅಂತ ಬರ್ತಿತ್ತು. ಮುಟ್ಟು ಸ್ವಲ್ಪ ತಡವಾಗಿ ಬರಬಹುದು, ಕೆಲವರಿಗೆ ಕಡಿಮೆ ಹೋಗುತ್ತೆ. ಮರೆಯೋ ಬುದ್ಧಿ ಇದ್ರೆ ಮಾತ್ರ ಕಷ್ಟ. ಇನ್ನೊಂದು ಅಂತರಾ ಇಂಜೆಕ್ಷನ್, ಮೂರು ತಿಂಗಳಿಗೊಂದು. ಎರಡೂ ಪುಕ್ಕಟೆ.

ಎಳನೀರು_ತಿಪಟೂರು
ಇದನ್ನ ನಂಗೆ ಯಾರೂ ಹೇಳೇ ಇಲ್ಲ. ಬರೀ ವಂಕಿ ವಂಕಿ ಅಂತಿದ್ರು.

ಕುಡ್ಲದ_ಪೊಣ್ಣು
ಹೇಳುದಿಲ್ಲ. ಅವರಿಗೆ ಮೇಲಿಂದ ಸಂಖ್ಯೆ ಕೇಳ್ತಾರಲ್ಲ.

ನಿವೃತ್ತ_ಎಎನ್‌ಎಂ
ಆ ಮಾತು ನಂಗೆ ಚುಚ್ಚುತ್ತೆ, ಆದ್ರೆ ಅಲ್ಲಗಳೆಯಲ್ಲ. ಪಿಪಿಐಯುಸಿಡಿ ಒಂದಕ್ಕೆ ಆಶಾಗೆ 150 ರೂಪಾಯಿ ಪ್ರೋತ್ಸಾಹಧನ ಅಂತ ಇದೆ. 150 ರೂಪಾಯಿಗೆ ಯಾರೂ ಮೋಸ ಮಾಡಲ್ಲ. ತಿಂಗಳ ಮೀಟಿಂಗಲ್ಲಿ ಎಲ್ರ ಮುಂದೆ ನಿಲ್ಸಿ "ನಿಮ್ಮ ಸೆಂಟರ್ದು ಯಾಕೆ ಸೊನ್ನೆ" ಅಂತ ಕೇಳ್ತಾರಲ್ಲ, ಅದಕ್ಕೆ ಹೆದರಿ ಮಾಡ್ತಾರೆ.

ಹಳೇಕಡತ
ಸಂಖ್ಯೆಯ ಕಾಟ ಹೊಸದಲ್ಲ. ಇದು ಶುರುವಾಗಿದ್ದೇ ಹಾಗೆ. 1965ರಲ್ಲಿ ಕೇಂದ್ರ ಸರ್ಕಾರ ಲಿಪ್ಪೀಸ್ ಲೂಪ್ ತಂದಿತು, ಅಮೆರಿಕದ ಬಫಲೋದ ಡಾ. ಜ್ಯಾಕ್ ಲಿಪ್ಪೀಸ್ ಮಾಡಿದ, ಹಾವಿನಂತೆ ಸುರುಳಿಯಾದ ಪ್ಲಾಸ್ಟಿಕ್ ವಂಕಿ. ಕಾನ್ಪುರದಲ್ಲಿ ಕಾರ್ಖಾನೆಯೇ ಬಂತು. ಶಿಬಿರ ಹಾಕಿ ಲಕ್ಷಗಟ್ಟಲೆ ಹೆಂಗಸರಿಗೆ ಹಾಕಿದರು. ರಕ್ತ ಹೋಗುತ್ತದೆ, ನೋವು ಅಂತ ಬಂದರೆ ನೋಡುವವರಿಲ್ಲ. ಒಂದೆರಡು ವರ್ಷದಲ್ಲೇ ಜನ ಬೆನ್ನು ತಿರುಗಿಸಿದರು. ಕಾಪರ್-ಟಿ 200 ಬಂದದ್ದು 1975ರಲ್ಲಿ, 380ಎ 2002ರಲ್ಲಿ. ನಿಮ್ಮತ್ತೆಯವರ ಭಯ ಅವರ ಅತ್ತೆಯಿಂದ ಬಂದದ್ದಿರಬೇಕು. ಅವರ ಅತ್ತೆ ಕಂಡದ್ದು ಆ ಲೂಪು.

ಬೇಸರದ ವಿಷಯ ಏನೆಂದರೆ, 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಖರ್ಚಿನಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. ಜಗತ್ತಿನಲ್ಲಿ ಸರ್ಕಾರವೇ ತೆರೆದದ್ದರಲ್ಲಿ ಅದೇ ಮೊದಲು.

ಬನಶಂಕರಿ_ಬಿಂದು
ನಮ್ಮಜ್ಜಿಗೂ ಲೂಪ್ ಹಾಕಿದ್ರಂತೆ! ಒಂದಿನ ಬಚ್ಚಲಲ್ಲಿ ತಾನೇ ಬಿದ್ದೋಯ್ತಂತೆ, ತಾತಂಗೆ ಹೇಳ್ಲಿಲ್ಲ, ಆಮೇಲೆ ನಮ್ಮ ಚಿಕ್ಕಪ್ಪ ಹುಟ್ಟಿದ್ರು. ಮನೇಲಿ ಈಗ್ಲೂ ಅವರನ್ನ ಲೂಪ್ ಅಂತಾನೇ ರೇಗಿಸ್ತೀವಿ.

ಲೇಬರ್‌ವಾರ್ಡ್_ಕಿರಿವೈದ್ಯೆ
ನಗು ಬಂತು, ಆದ್ರೆ ಅದು ಈಗ್ಲೂ ಆಗುತ್ತೆ. ಮೊದಲ ವರ್ಷದಲ್ಲಿ ನೂರಕ್ಕೆ 2ರಿಂದ 10 ಜನಕ್ಕೆ ತಾನೇ ಜಾರಿ ಬರಬಹುದು, ಹೆರಿಗೆಯಾದ ತಕ್ಷಣ ಹಾಕಿದ್ರೆ ಇನ್ನೂ ಹೆಚ್ಚು. ಗೊತ್ತೇ ಆಗಲ್ಲ ಕೆಲವರಿಗೆ. ಅದಕ್ಕೇ ದಾರ ನೋಡ್ಕೋಬೇಕು ಅನ್ನೋದು. ದಾರ ಸಿಗದಿದ್ರೆ ಮೂರು ಸಾಧ್ಯತೆ: ದಾರ ಒಳಗೆ ಸುತ್ತಿಕೊಂಡಿದೆ, ವಂಕಿ ಬಿದ್ದುಹೋಗಿದೆ, ಇಲ್ಲ ಗೋಡೆ ದಾಟಿದೆ. ಮೊದಲು ಸ್ಕ್ಯಾನಿಂಗ್, ಅದರಲ್ಲಿ ಕಾಣದಿದ್ರೆ ಹೊಟ್ಟೆಯ ಎಕ್ಸ್‌ರೇ. "ಬಿದ್ದಿರಬೇಕು ಬಿಡಿ" ಅಂತ ಹೊಸದೊಂದು ಹಾಕಿ ಕಳಿಸಿ, ಹಳೇದು ಹೊಟ್ಟೆಯಲ್ಲೇ ಇದ್ದ ಪೇಷಂಟನ್ನ ನಾನೇ ನೋಡಿದೀನಿ. ಲ್ಯಾಪ್ರೋಸ್ಕೋಪಿ ಮಾಡಿ ತೆಗೆದ್ರು.

ಅರ್ಧಸತ್ಯ_ಹುಡುಕು
ಡಾಲ್ಕನ್ ಶೀಲ್ಡ್ ಅನ್ನೋ ವಂಕಿ ಬಗ್ಗೆಯೂ ಹೇಳಿ ಹಳೇಕಡತ ಅವರೇ. ಅಮೆರಿಕದಲ್ಲಿ ಹೆಂಗಸರು ಸತ್ತರಲ್ಲ.

ಹಳೇಕಡತ
ಹೌದು, 1971ರಿಂದ 1974ರವರೆಗೆ ಅಲ್ಲಿ ಮಾರಾಟವಾಯಿತು. ತಪ್ಪು ಇದ್ದದ್ದು ಅದರ ದಾರದಲ್ಲಿ. ಬೇರೆಯವುಗಳ ದಾರ ಒಂದೇ ಎಳೆ. ಇದರದ್ದು ನೂರಾರು ಎಳೆಗಳನ್ನು ಸೇರಿಸಿ ಮೇಲೆ ಹೊದಿಕೆ ಹಾಕಿದ್ದು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಯೋನಿಯಿಂದ ರೋಗಾಣುಗಳನ್ನು ಮೇಲಕ್ಕೆ ಹೀರಿತು. ಬಸಿರಾದವರಿಗೆ ಗರ್ಭಪಾತದ ಜೊತೆ ನಂಜು, ಕೆಲವರು ಸತ್ತರು. ಕಂಪನಿ ಎ.ಎಚ್. ರಾಬಿನ್ಸ್ ಮೊಕದ್ದಮೆಗಳ ಭಾರಕ್ಕೆ 1985ರಲ್ಲಿ ದಿವಾಳಿ ಘೋಷಿಸಿತು. ಈಗಿನ ಕಾಪರ್-ಟಿಯದ್ದು ಒಂದೇ ಎಳೆಯ ದಾರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಒಪ್ಪಿಗೆಯ ವಿಷಯದಲ್ಲಿ ಕುಡ್ಲದವರ ಕಥೆಗೆ ಹತ್ತಿರದ್ದು ಗ್ರೀನ್‌ಲ್ಯಾಂಡಿನಲ್ಲಿದೆ. 1966ರಿಂದ 1970ರ ನಡುವೆ ಸುಮಾರು 4,500 ಇನುಇಟ್ (ಅಲ್ಲಿನ ಮೂಲನಿವಾಸಿ) ಹೆಂಗಸರಿಗೆ, ಶಾಲೆಗೆ ಹೋಗುವ ಹುಡುಗಿಯರಿಗೂ, ಡೆನ್ಮಾರ್ಕಿನ ವೈದ್ಯರು ವಂಕಿ ಹಾಕಿದರು. ಎಷ್ಟೋ ಜನಕ್ಕೆ ತಿಳಿಸಲೇ ಇಲ್ಲ. ಡೆನ್ಮಾರ್ಕಿನ ಪ್ರಧಾನಿ ಕ್ಷಮೆ ಕೇಳಿದ್ದು 2025ರಲ್ಲಿ.

ಕುಡ್ಲದ_ಪೊಣ್ಣು
ಶಾಲೆಗೆ ಹೋಗುವ ಮಕ್ಕಳಿಗಾ? ದೇವರೇ. ನನಗೆ ಮಾತೇ ಬರುದಿಲ್ಲ.

ಮಂಡ್ಯ_ಮಾತು
ಎಲ್ಲಿಂದ ಎಲ್ಲಿಗೆ ಹೋಯ್ತು ಮಾತು. ತಿಪಟೂರಿನಿಂದ ಗ್ರೀನ್‌ಲ್ಯಾಂಡು.

ಅಲ್ಲಾ, ಇಷ್ಟೆಲ್ಲ ತಾಪತ್ರಯ ಇದ್ರೆ ಆಪರೇಷನ್ನೇ ಮಾಡಿಸ್ಕೊಂಡ್ಬಿಡಬಾರ್ದಾ? ಎರಡು ಮಕ್ಕಳಾಗಿವೆ. ನಮ್ಮ ಮನೇಲಿ ಎಲ್ರೂ ಅದನ್ನೇ ಮಾಡಿಸ್ಕೊಂಡಿದಾರೆ.

ಸಾಫ್ಟ್‌ವೇರ್_ಸೊಸೆ
"ಎಲ್ರೂ" ಅಂದ್ರೆ ಹೆಂಗಸರೆಲ್ಲ ಅಂತ ತಾನೇ? ನೀವು ಮಾಡಿಸ್ಕೊಂಡ್ರಾ ಸಾರ್?

ಮಂಡ್ಯ_ಮಾತು
ನಾವು ಗದ್ದೆ ಕೆಲ್ಸ ಮಾಡೋರು, ಶಕ್ತಿ ಹೋಗುತ್ತೆ.

ನಿವೃತ್ತ_ಎಎನ್‌ಎಂ
ನಿಮ್ಮ ಹೆಂಡ್ತಿ ಗದ್ದೆ ಕೆಲ್ಸ ಮಾಡಲ್ವಾ? ನಾಟಿ ಹಾಕೋರು ಯಾರು, ಕಳೆ ಕೀಳೋರು ಯಾರು? ಗಂಡಸರದ್ದು ಹೊಟ್ಟೆ ಕೊಯ್ಯಲ್ಲ, ಹೊಲಿಗೆ ಇಲ್ಲ, ಅವತ್ತೇ ಮನೆಗೆ. ಶಕ್ತಿಗೂ ಅದಕ್ಕೂ ಸಂಬಂಧವೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ದೇಶದಲ್ಲಿ ಹೆಂಗಸರ ಆಪರೇಷನ್ ಶೇ. 37.9, ಗಂಡಸರದ್ದು 0.3. ವಂಕಿ 2.1. ನಮ್ಮ ರಾಜ್ಯದಲ್ಲಿ ಹೆಂಗಸರದ್ದು 57 ದಾಟಿದೆ. 25-26ಕ್ಕೇ ಆಪರೇಷನ್ ಮಾಡಿಸ್ಕೊಂಡು, ಆಮೇಲೆ ಮಗು ಕಳ್ಕೊಂಡು ನಮ್ಮ ಹತ್ರ ಬಂದು ಅತ್ತೋರಿದಾರೆ. ಅದನ್ನ ವಾಪಸ್ ಸರಿ ಮಾಡೋದು ಸುಲಭ ಅಲ್ಲ. ವಂಕಿ ತೆಗೆಸಿದ್ರೆ ಮುಂದಿನ ತಿಂಗಳೇ ಬಸಿರಾಗಬಹುದು.

ಮಂಡ್ಯ_ಮಾತು
ಸರಿ ಬಿಡಿ ಮೇಡಂ. ನಾನೊಬ್ಬನೇ ಸಿಕ್ಕಿದೀನಿ ಎಲ್ರ ಕೈಗೆ.

ಗಿರ್ಮಿಟ್_ಹುಬ್ಬಳ್ಳಿ
ತಗಿಸೂದರ ಬಗ್ಗೆ ಒಂದ್ ಮಾತ. ನಾ ಮೊದಲ ಹೋದಲ್ಲಿ "ಇಷ್ಟ ಲಗೂನ ತಗಿಯಂಗಿಲ್ಲ, ಗಂಡನ್ನ ಕರ್ಕೊಂಡ ಬಾ" ಅಂತ ವಾಪಸ್ ಕಳಿಸಿದ್ರು. ಹಂಗ ರೂಲ್ ಐತೇನ್ರೀ ಡಾಕ್ಟರ?

ಲೇಬರ್‌ವಾರ್ಡ್_ಕಿರಿವೈದ್ಯೆ
ಇಲ್ಲ. ನಿಮಗೆ ಬೇಡ ಅನ್ನಿಸಿದ್ರೆ ಅಷ್ಟೇ ಕಾರಣ ಸಾಕು. ಗಂಡನ ಸಹಿ ಬೇಕಿಲ್ಲ. ಮನೇಲಿ ದಾರ ಎಳೆದು ತೆಗೆಯೋ ಸಾಹಸ ಮಾತ್ರ ಮಾಡ್ಬೇಡಿ.

ಇನ್ನೊಂದು ವಿಷಯ ಬರೆಯೋದು ಮರೆತಿದ್ದೆ, ಅದು ಎಲ್ಲಕ್ಕಿಂತ ಮುಖ್ಯ. ವಂಕಿ ಇದ್ದೂ ಮುಟ್ಟು ನಿಂತ್ರೆ ಕಾಯಬೇಡಿ. ಕಾಪರ್-ಟಿ ಸೋಲೋದು ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ, ಆದ್ರೆ ಸೋತಾಗ ಗರ್ಭ ಗರ್ಭಕೋಶದ ಬದಲು ಅಂಡ ಬರೋ ನಳಿಕೆಯಲ್ಲಿ ಕೂರೋ ಸಾಧ್ಯತೆ ಹೆಚ್ಚು. ಒಂದು ಪಕ್ಕ ಹೊಟ್ಟೆನೋವು, ತಲೆಸುತ್ತು, ಭುಜದಲ್ಲಿ ನೋವು ಬಂದ್ರೆ ಗ್ಯಾಸ್ಟ್ರಿಕ್ ಅಂತ ಜೀರಿಗೆ ನೀರು ಕುಡೀತಾ ಕೂರಬೇಡಿ. ನಳಿಕೆ ಒಡೆದ್ರೆ ಒಳಗೇ ರಕ್ತ ಹೋಗಿ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತೆ. ಇದರಿಂದ "ವಂಕಿ ಹಾಕಿದ್ರೆ ನಳಿಕೆ ಗರ್ಭ ಆಗುತ್ತೆ" ಅಂತ ತಿಳಿಯಬೇಡಿ. ಏನೂ ಬಳಸದವರಿಗೆ ಹೋಲಿಸಿದ್ರೆ ಒಟ್ಟಾರೆ ಕಡಿಮೆಯೇ. ಬಸಿರೇ ಅಪರೂಪ ಆಗಿರೋದ್ರಿಂದ.

ಎಳನೀರು_ತಿಪಟೂರು
ಅಕ್ಕಂದಿರಿಗೆಲ್ಲ ತುಂಬಾ ಥ್ಯಾಂಕ್ಸ್. ಇವತ್ತು ಹೋಗಿದ್ದೆ. ಯೂರಿನ್ ಟೆಸ್ಟ್ ನೆಗೆಟಿವ್. ಛಾಯಾ ಕೇಳಿದೆ, ಸಿಸ್ಟರ್ ಮುಖ ಒಂಥರಾ ಮಾಡಿದ್ರು, ಆದ್ರೆ ಕೊಟ್ರು. ಕಬ್ಬಿಣದ ಮಾತ್ರೆನೂ ಕೊಟ್ಟಿದಾರೆ. ಎಚ್‌ಬಿ ಏರಿದ್ಮೇಲೆ ವಂಕಿ ಬಗ್ಗೆ ನೋಡೋಣ ಅಂತ.

ನಿವೃತ್ತ_ಎಎನ್‌ಎಂ
ಕಬ್ಬಿಣದ ಮಾತ್ರೆ ಕಾಫಿ, ಟೀ, ಹಾಲಿನ ಜೊತೆ ಬೇಡ. ನಿಂಬೆರಸದ ಜೊತೆ ತಗೋ. ಮಲ ಕಪ್ಪಗಾಗುತ್ತೆ, ಹೆದರ್ಕೊಂಡು ನಿಲ್ಲಿಸಬೇಡ.

ಮಲೆನಾಡ_ಮಳೆ
ತಡವಾಗಿ ಬಂದೆ, ಸಣ್ಣ ಪ್ರಶ್ನೆ. ನಮ್ಮ ಅಮ್ಮನಿಗೆ 56. ನಾನು ಚಿಕ್ಕವಳಿದ್ದಾಗ ಹಾಕಿಸಿದ ಕಾಪರ್-ಟಿ ಇನ್ನೂ ಒಳಗೇ ಇದೆಯಂತೆ! ಮುಟ್ಟು ನಿಂತು ವರ್ಷಗಳಾಯ್ತು. "ತೊಂದ್ರೆ ಕೊಡ್ತಿಲ್ಲ, ಇರ್ಲಿ ಬಿಡು" ಅಂತಾರೆ. ಬಿಡಬಹುದಾ?

ಲೇಬರ್‌ವಾರ್ಡ್_ಕಿರಿವೈದ್ಯೆ
ಬಿಡಬೇಡಿ. ಮುಟ್ಟು ನಿಂತು ಒಂದು ವರ್ಷ ಆದ್ಮೇಲೆ ತೆಗೆಸಿಬಿಡಬೇಕು. ತುಂಬಾ ವರ್ಷ ಉಳಿದ್ರೆ ಸೋಂಕಾಗಬಹುದು, ಗರ್ಭಕೋಶ ಕುಗ್ಗಿದಾಗ ಗೋಡೆಗೆ ಕಚ್ಚಿಕೊಂಡು ತೆಗೆಯೋದೂ ಕಷ್ಟವಾಗುತ್ತೆ. ವಾಸನೆ ಸೆರಗು ಅಥವಾ ಒಂದು ಹನಿ ರಕ್ತ ಕಂಡ್ರೂ ಈ ವಾರವೇ ಕರ್ಕೊಂಡು ಹೋಗಿ, ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿದ್ರೆ ಅದನ್ನ ವಂಕಿಯ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು.

ಮಲೆನಾಡ_ಮಳೆ
ಅಡಿಕೆ ಕೊಯ್ಲು ಮುಗೀಲಿ ಅಂತಿದಾರೆ.

ಗಿರ್ಮಿಟ್_ಹುಬ್ಬಳ್ಳಿ
ಅಡಕಿ ಎಲ್ಲೂ ಓಡಿ ಹೋಗಂಗಿಲ್ಲಂತ ಹೇಳ್ರಿ ಅವ್ವಾರಿಗೆ. ನಾಳೆನ ಕರ್ಕೊಂಡ ಹೋಗ್ರಿ.